ನೆಲಕ್ಕೆ ತಾಗದ ಕಬ್ಬಿಣ

ನನ್ನ ಹೆಬ್ಬೆರಳನ್ನು ಯಂತ್ರಗಳು ನಂಬುವುದಿಲ್ಲ. ಬೆಳಿಗ್ಗೆ ಕೆಲಸದ ಬಾಗಿಲಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೇ ಬೆರಳೊತ್ತಿ ಒಳಗೆ ಹೋಗುವಾಗ ಉಳಿದವರಿಗೆಲ್ಲ ಹಸಿರು ದೀಪ ಹತ್ತುತ್ತದೆ. ನನ್ನ ಸರದಿ ಬಂದಾಗ ಕೆಂಪು. ಅಂಗಿಗೆ ಒರೆಸಿಕೊಂಡು ಒತ್ತುತ್ತೇನೆ, ಕೆಂಪು. ಸ್ವಲ್ಪ ವಾಲಿಸಿ ಒತ್ತುತ್ತೇನೆ, ಕೆಂಪು. ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಬಾಗಿಲು ಕಾಯುವ ನೇಪಾಳಿ ತರುಣ ದಿನವೂ ಒಂದೇ ಸಲಹೆ ಕೊಡುತ್ತಾನೆ: "ಭಾಯಿ, ಥೋಡಾ ಪಾನಿ ಲಗಾವ್." ನಾನು ದಿನವೂ ಅದನ್ನು ಮೊದಲ ಬಾರಿಗೆ ಕೇಳಿದವನಂತೆ ಕೃತಜ್ಞತೆಯಿಂದ ತಲೆಯಾಡಿಸುತ್ತೇನೆ.

ಇದಕ್ಕೆ ಕಾರಣ ಒಂದು ಕಬ್ಬಿಣದ ಸರಳು. ಅದನ್ನು ಶುದ್ಧ ಕನ್ನಡದಲ್ಲಿ ಭಾರದಂಡ ಎಂದು ಕರೆಯಬೇಕೆಂಬುದು ನನ್ನ ಆಸೆ. ಆದರೆ ಹಾಗೆ ಕರೆದಾಗ ಯಾರೂ ನಗದೆ ಉಳಿದಿಲ್ಲವಾದ್ದರಿಂದ ಬಾರ್ಬೆಲ್ ಎಂದೇ ಬರೆಯುತ್ತೇನೆ. ಹಿಡಿತ ಜಾರದಿರಲೆಂದು ಅದರ ಮೈಮೇಲೆ ಅರದ ಹಾಗೆ ಒರಟು ಗೀರುಗಳನ್ನು ಕೊರೆದಿರುತ್ತಾರೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಸಿಕ್ಕಿಸಿ ಹಿಡಿಯುವುದು ನನ್ನ ಅಭ್ಯಾಸ. ಮೂರು ತಿಂಗಳು ಹಾಗೆ ಹಿಡಿದರೆ ಹೆಬ್ಬೆರಳಿನ ಗೆರೆಗಳು ತಮ್ಮ ಪಾಡಿಗೆ ತಾವು ಹೊರಟುಹೋಗುತ್ತವೆ.

ನಮ್ಮ ಅಪ್ಪನ ಹೆಬ್ಬೆರಳನ್ನೂ ಊರಿನ ಪಡಿತರ ಅಂಗಡಿಯ ಯಂತ್ರ ಹೀಗೆಯೇ ತಿರಸ್ಕರಿಸಿತ್ತು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಗೋಣಿಚೀಲದ ನಾರು ಅವರ ಬೆರಳುಗಳನ್ನು ವರ್ಷಗಟ್ಟಲೆ ಉಜ್ಜಿ ನುಣುಪುಗೊಳಿಸಿತ್ತು. ಹೆಬ್ಬೆಟ್ಟು ಒತ್ತುವ ಬಾಳು ತಮ್ಮ ಕಾಲಕ್ಕೇ ಮುಗಿಯಲೆಂದು ಅವರು ನನ್ನನ್ನು ಓದಿಸಿದರು. ಓದಿ, ನಮ್ಮ ವಂಶದಲ್ಲಿಯೇ ಮೊದಲ ಪದವೀಧರನೆನಿಸಿ, ಸಮುದ್ರ ದಾಟಿ ಕುವೈತಿಗೆ ಬಂದು, ನಾನೀಗ ದಿನಕ್ಕೆರಡು ಬಾರಿ ಹೆಬ್ಬೆಟ್ಟು ಒತ್ತುತ್ತೇನೆ. ಅದೂ ಸರಿಯಾಗಿ ಬೀಳುತ್ತಿಲ್ಲ.

ನಲವತ್ತಾರರ ವಯಸ್ಸಿನಲ್ಲಿ ಕಬ್ಬಿಣ ಎತ್ತುವ ಬುದ್ಧಿ ಇವನಿಗೇಕೆ ಬಂತೆಂದು ನೀವು ಕೇಳಬಹುದು. ಬುದ್ಧಿ ಬರಲಿಲ್ಲ, ಭಯ ಬಂತು. ತೈಲ ಸ್ಥಾವರಗಳಿಗೆ ದುರಸ್ತಿ ಕೆಲಸ ಮಾಡಿಕೊಡುವ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಎಲ್ಲಿಯಾದರೂ ವಿಷಾನಿಲ ಸೋರಿದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಮುಖವಾಡ ಧರಿಸಿ ಒಳಗೆ ಹೋಗುವವರಲ್ಲಿ ನಾನೂ ಒಬ್ಬನಾಗಿರಬೇಕು. ಹಾಗೆ ಹೋಗಲು ನಾನು ಶಕ್ತನೇ ಎಂಬುದನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಪರೀಕ್ಷೆ ನೋಡಲು ಮಕ್ಕಳಾಟದಂತಿದೆ. ಮೊಣಕಾಲೆತ್ತರದ ಒಂದು ಮರದ ಪೆಟ್ಟಿಗೆ. ಟಕ್ ಟಕ್ ಎನ್ನುವ ಒಂದು ಯಂತ್ರ. ಅದರ ತಾಳಕ್ಕೆ ಸರಿಯಾಗಿ ಪೆಟ್ಟಿಗೆಯನ್ನು ಹತ್ತಿ ಇಳಿಯುತ್ತಿರಬೇಕು. ಸಾಕೆಂದ ಮೇಲೆ ಕುಳಿತುಕೊಳ್ಳಬೇಕು. ಆಗ ಎದೆಬಡಿತ ಎಷ್ಟು ಬೇಗ ಕೆಳಗಿಳಿಯುತ್ತದೆಂದು ನೋಡುತ್ತಾರೆ. ಈ ವರ್ಷ ನಾನು ಕುಳಿತೆ, ಎದೆಬಡಿತ ಕುಳಿತುಕೊಳ್ಳಲಿಲ್ಲ. ಈಜಿಪ್ಟಿನ ವೈದ್ಯರು ನನ್ನ ಹೊಟ್ಟೆಯನ್ನು ಒಮ್ಮೆ, ಕಾಗದವನ್ನು ಒಮ್ಮೆ ನೋಡಿ, "ಮೂರು ತಿಂಗಳ ನಂತರ ಮತ್ತೆ ಬಾ" ಎಂದರು.

ಆ ಮೂರು ತಿಂಗಳು ನನ್ನನ್ನು ಸ್ಥಾವರದಿಂದ ತೆಗೆದು ಕುವೈತ್ ನಗರದ ಶರ್ಕ್‌ನಲ್ಲಿರುವ ಮುಖ್ಯ ಕಚೇರಿಯ ಒಂದು ಮೂಲೆಯಲ್ಲಿ ಕೂರಿಸಿದರು. ಎರಡನೆಯ ಸಲವೂ ಅನುತ್ತೀರ್ಣನಾದರೆ ಒಪ್ಪಂದ ಮುಂದುವರಿಯುವುದಿಲ್ಲ. ಒಪ್ಪಂದವಿಲ್ಲದಿದ್ದರೆ ಇಕಾಮಾ ಇಲ್ಲ. ಇಕಾಮಾ ಎಂಬ ಆ ವಾಸದ ಪರವಾನಗಿ ಇಲ್ಲದಿದ್ದರೆ ಅಬು ಹಲೀಫಾದ ಎರಡು ಕೋಣೆಯ ಮನೆ, ಮಗಳು ಸಿಂಚನಾಳ ಒಂಬತ್ತನೆಯ ತರಗತಿ, ಹದಿನೈದು ವರ್ಷಗಳಲ್ಲಿ ಕೂಡಿಟ್ಟ ಪಾತ್ರೆ ಪಡಗ, ಎಲ್ಲವನ್ನೂ ಮಡಚಿಕೊಂಡು ಹೊರಡಬೇಕು. ನನ್ನ ಎದೆಬಡಿತದ ಮೇಲೆ ಇಷ್ಟೊಂದು ಸಾಮಾನು ಪೇರಿಸಿಟ್ಟಿದ್ದರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನಡೆಯಬಹುದಿತ್ತಲ್ಲ, ಓಡಬಹುದಿತ್ತಲ್ಲ ಎನ್ನುವವರು ಜುಲೈ ತಿಂಗಳಲ್ಲಿ ಒಮ್ಮೆ ಇಲ್ಲಿಗೆ ಬರಬೇಕೆಂದು ವಿನಂತಿ. ಸಮುದ್ರದ ದಂಡೆಯಲ್ಲಿ ಬೆಳಗಿನ ಐದಕ್ಕೇ ಗಾಳಿ ಒದ್ದೆ ಕಂಬಳಿಯಂತೆ ಮುಖಕ್ಕೆ ಸುತ್ತಿಕೊಳ್ಳುತ್ತದೆ. ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಜಿಮ್ ಎಂಬ ಫಲಕ ಹೊತ್ತ ಒಂದು ಕೋಣೆಯುಂಟು. ಅಲ್ಲಿನ ಓಡುವ ಯಂತ್ರದ ಮೇಲೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ನಾವು ಬರುವ ಮೊದಲೇ ಅಂಟಿತ್ತು. ಈಗ ಆ ಚೀಟಿಯೇ ದುರಸ್ತಿಗೆ ಬಂದಿದೆ. ಉಳಿದದ್ದು ಒಂದು ಬಾರ್ಬೆಲ್, ಕೆಲವು ತೂಕದ ಬಿಲ್ಲೆಗಳು, ಒಂದು ಸೀಳುಬಿಟ್ಟ ಕನ್ನಡಿ.

ಓಡದೆ, ಇದ್ದಲ್ಲೇ ನಿಂತು ಉಸಿರಿನ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಉಪಾಯವೇನಾದರೂ ಉಂಟೇ ಎಂದು ನಾನು ಫೋನಿನಲ್ಲಿ ಹುಡುಕಿದೆ. ಬಾರ್ಬೆಲ್ ಕಾಂಪ್ಲೆಕ್ಸ್ ಎಂಬುದು ಸಿಕ್ಕಿತು. ವಿಷಯ ಸರಳ: ಹಗುರವಾದ ತೂಕ ಹಾಕಿದ ಸರಳನ್ನು ಹಿಡಿದು, ಆರು ಬಗೆಯ ವ್ಯಾಯಾಮಗಳನ್ನು ಒಂದರ ಬೆನ್ನಿಗೊಂದರಂತೆ ಮಾಡುವುದು. ತೊಡೆಯವರೆಗೆ ಎತ್ತುವುದು, ಬಾಗಿ ನಿಂತು ಹೊಟ್ಟೆಗೆ ಎಳೆದುಕೊಳ್ಳುವುದು, ಒಂದೇ ಜಿಗಿತಕ್ಕೆ ಹೆಗಲಿಗೆ ತಂದುಕೊಳ್ಳುವುದು, ಹಾಗೆಯೇ ಕುಕ್ಕರಿಸಿ ಏಳುವುದು, ತಲೆಯ ಮೇಲಕ್ಕೆ ತಳ್ಳುವುದು, ಕೊನೆಗೆ ಕತ್ತಿನ ಹಿಂದೆ ಇಳಿಸಿಕೊಂಡು ಮತ್ತೆ ಕುಕ್ಕರಿಸಿ ಏಳುವುದು. ನಿಯಮ ಒಂದೇ. ಆರೂ ಮುಗಿಯುವವರೆಗೆ ಸರಳನ್ನು ಕೆಳಗಿಡಬಾರದು. ತೂಕ ಹೆಚ್ಚಿಲ್ಲದ್ದರಿಂದ ತೋಳುಗಳು ಸೋಲುವುದಿಲ್ಲ; ಬಿಡುವಿಲ್ಲದ್ದರಿಂದ ಉಸಿರು ಸೋಲುತ್ತದೆ. ನಾಲ್ಕನೆಯದಕ್ಕೆ ಬರುವಾಗ ಕಿವಿಯೊಳಗೆ ಗಿರಣಿ ತಿರುಗತೊಡಗುತ್ತದೆ. ಆರನೆಯದಕ್ಕೆ ಕಲಿತ ಭಾಷೆಗಳೆಲ್ಲ ಮರೆತುಹೋಗಿ ಅವ್ವಾ ಎಂಬ ಒಂದೇ ಪದ ಉಳಿಯುತ್ತದೆ.

ಈ ಉಸಿರುಗಟ್ಟುವಿಕೆ ನನಗೆ ಪೂರ್ತಿ ಹೊಸದಾಗಿರಲಿಲ್ಲ. ಮೆಣಸಿನಕಾಯಿಯ ಹಂಗಾಮಿನಲ್ಲಿ ನಮ್ಮ ಓಣಿಗೆ ಓಣಿಯೇ ಸೀನುತ್ತಿತ್ತು. ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿದರೆ ಗಾಳಿಯೂ ಕೆಂಪಾಗುತ್ತಿತ್ತು. ಅಪ್ಪ ಸಂಜೆ ಬಂದರೆ ನಾವು ಮಕ್ಕಳು ಅವರ ಕಾಲಿಗೆ ತೊಡರಿಕೊಳ್ಳುವಂತಿರಲಿಲ್ಲ. "ದೂರ, ದೂರ! ಮೈಯೆಲ್ಲಾ ಖಾರ ಐತಿ" ಎಂದು ಅವರು ಎರಡೂ ಕೈ ಎತ್ತಿಕೊಂಡೇ ಹಿತ್ತಲಿಗೆ ನಡೆಯುತ್ತಿದ್ದರು. ಅವ್ವ ಬಿಸಿನೀರಲ್ಲ, ತಣ್ಣೀರೇ ಹೊಯ್ಯುತ್ತಿದ್ದಳು, ಬಿಸಿ ತಾಗಿದರೆ ಬೆನ್ನು ಉರಿಯುತ್ತಿತ್ತು. ಆಮೇಲೆ ಮಜ್ಜಿಗೆ ಸವರುತ್ತಿದ್ದಳು. ಆ ಮಜ್ಜಿಗೆಯ ಹುಳಿ, ಗೋಣಿಯ ಘಾಟು, ಒಣಮೆಣಸಿನ ಸಿಹಿಖಾರ ಸೇರಿದ ವಾಸನೆಯೇ ನನ್ನ ಪಾಲಿಗೆ ತಂದೆಯ ಪ್ರೀತಿ. ನಮ್ಮನ್ನು ಮುಟ್ಟುವ ಮೊದಲು ಅವರು ಕೈಗಳನ್ನು ಮೂಸಿ ನೋಡಿಕೊಳ್ಳುತ್ತಿದ್ದರು. ಈಗ ಊರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಸುಖವಾಗಿದ್ದಾರೆ. ಕೆಮ್ಮು ಮಾತ್ರ ಹಳೆಯ ಗೆಳೆಯನಂತೆ ಬಂದು ಹೋಗುತ್ತದೆ.

ಅವರಿಗೆ ನಾನು ಕಬ್ಬಿಣ ಎತ್ತುವ ಸುದ್ದಿಯನ್ನು ತಿಳಿಸಿದ್ದು ಸಿಂಚನಾ. ವಿಡಿಯೋ ಕರೆಯಲ್ಲಿ ಅವಳು ಕನ್ನಡವನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೂ ಅವರಿಬ್ಬರ ನಡುವೆ ನಮಗೆ ತಿಳಿಯದ ಯಾವುದೋ ಒಪ್ಪಂದವಿದೆ. ಅವಳು ನನ್ನ ಒಂದು ವಿಡಿಯೋವನ್ನು ತೋರಿಸಿಯೇಬಿಟ್ಟಳು.

ಅಪ್ಪ ಬಹಳ ಹೊತ್ತು ನೋಡಿದರು. "ಬಸೂ, ಇದನ್ನ ಎತ್ತಿದ್ರ ಏನ್ ಕೊಡ್ತಾರ?"

"ಏನೂ ಕೊಡುವುದಿಲ್ಲ ಅಪ್ಪ."

"ಹಂಗಾರ ಎತ್ತಿ ಎಲ್ಲಿಗೆ ಒಯ್ದು ಇಡ್ತಿ?"

"ಎಲ್ಲಿಗೂ ಇಲ್ಲ. ಎತ್ತಿದಲ್ಲಿಯೇ ಇಡುತ್ತೇನೆ."

ಅವರು ಸ್ವಲ್ಪ ಹೊತ್ತು ಕೆಮ್ಮಿದರು. "ಎತ್ತಿದ್ದನ್ನ ಅಲ್ಲೇ ಇಡಾಕ ಅಷ್ಟ್ ದೂರ ಹೋದೇನೋ ಮಗನ?"

"ತಾತಾ, ಹೀ ಈಸ್ ಡೂಯಿಂಗ್ ಕಾರ್ಡಿಯೋ," ಎಂದು ಸಿಂಚನಾ ನನ್ನ ಪರವಾಗಿ ವಾದಿಸಿದಳು. ಅಪ್ಪ ಅರ್ಥವಾದವರಂತೆ, "ಹೂಂ, ಹಂಗಂತ ಹೇಳವಾ ಮತ್ತ," ಎಂದರು.

ಎದೆಬಡಿತದ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ. ಚೀಲಗಳನ್ನು ಹೊತ್ತು ಓದಿಸಿದವರಿಗೆ, ಓದಿದವನು ಒಂದು ಮರದ ಪೆಟ್ಟಿಗೆಯನ್ನು ಹತ್ತಲಾರದೆ ಸೋತನೆಂದು ಯಾವ ವಾಕ್ಯದಲ್ಲಿ ಹೇಳುವುದು?

ಬೆಳಗಿನ ಅಭ್ಯಾಸಕ್ಕೆ ನನಗೊಬ್ಬರು ಜೊತೆಗಾರರಿದ್ದರು, ವಿಠಲಣ್ಣ. ಕಾರ್ಕಳದ ಕಡೆಯವರು, ಇಲ್ಲಿನ ಒಂದು ಹೋಟೆಲಿನಲ್ಲಿ ಅಡುಗೆ ಸಾಮಗ್ರಿಗಳ ಉಗ್ರಾಣ ನೋಡಿಕೊಳ್ಳುತ್ತಾರೆ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ತಮ್ಮೂರಿನ ಮತ್ತಿಬ್ಬರೊಂದಿಗೆ ಕೋಣೆ ಹಂಚಿಕೊಂಡಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ನನಗೆ ಎದೆಬಡಿತ. ಒಂದು ಮುಂಜಾನೆ ಲಿಫ್ಟಿನಲ್ಲಿ ಕಾಯಿಲೆಗಳ ವಿನಿಮಯವಾಗಿ ಸ್ನೇಹವಾಯಿತು. ಮನೆಯಲ್ಲಿ ತುಳು, ಕೆಲಸದಲ್ಲಿ ಹಿಂದಿ, ನನ್ನೊಡನೆ ಮಂಗಳೂರಿನ ಕನ್ನಡ. ನನ್ನ ಕನ್ನಡ ಅವರಿಗೊಂದು ಮನರಂಜನೆ. ಯಾರಾದರೂ ತಪ್ಪು ಹಿಡಿದಾರೆಂಬ ಹೆದರಿಕೆಯಿಂದ ನಾನು ಊರಿನ ಮಾತನ್ನು ಹಾಸ್ಟೆಲಿನಲ್ಲಿಯೇ ಬಿಟ್ಟವನು. ಮನೆಯವರನ್ನು ಬಿಟ್ಟು ಉಳಿದವರೊಡನೆ ಪಾಠ ಒಪ್ಪಿಸುವ ಹಾಗೆ ಮಾತಾಡುತ್ತೇನೆ. ಮನೆಯವರೊಡನೆಯೂ ಹಾಗೆಯೇ ಎಂಬುದು ಮನೆಯವರ ದೂರು. ಮೊದಲ ದಿನ ನಾನು, "ವಿಠಲಣ್ಣ, ಇದನ್ನು ಆರಂಭಿಸುವ ಮುನ್ನ ಬೆನ್ನುಮೂಳೆಯನ್ನು ನೇರವಾಗಿರಿಸಿಕೊಳ್ಳುವುದು ಅತ್ಯಗತ್ಯ," ಎಂದೆ.

"ಎಂತ ಮಾರಾಯ್ರೆ ನೀವು? ಬೆಳಿಗ್ಗೆ ಬೆಳಿಗ್ಗೆ ರೇಡಿಯೋ ಹಾಕಿದ ಹಾಗೆ ಆಗ್ತದೆ. ನಿಮ್ಮನ್ನು ಮಾಸ್ಟ್ರು ಅಂತಲೇ ಕರೀಬೇಕು."

ಅಂದಿನಿಂದ ನಾನು ಮಾಸ್ಟ್ರು. ಕಲಿಸಿದ್ದು ನಾನೇ, ಫೋನಿನಲ್ಲಿ ನೋಡಿದ್ದನ್ನು ಕಂಠಪಾಠ ಮಾಡಿಕೊಂಡು. ಆದರೆ ಆ ಆರು ವ್ಯಾಯಾಮಗಳ ಇಂಗ್ಲಿಷ್ ಹೆಸರುಗಳು ಅವರ ಬಾಯಲ್ಲಿ ನಿಲ್ಲಲಿಲ್ಲ. ಅವರೇ ಹೊಸದಾಗಿ ನಾಮಕರಣ ಮಾಡಿದರು. ಮೊದಲನೆಯದು ಅಕ್ಕಿಮೂಟೆ. ಎರಡನೆಯದು ಬಾವಿನೀರು. ಮೂರನೆಯದು ಮಗುವನ್ನು ಎತ್ತಿಕೊಳ್ಳುವುದು. ನಾಲ್ಕನೆಯದು ಮಗುವಿನೊಟ್ಟಿಗೆ ಕೂತು ಏಳುವುದು. ಐದನೆಯದು ಅಟ್ಟಕ್ಕೆ ಇಡುವುದು. "ಆರನೆಯದು?" ಎಂದು ಕೇಳಿದೆ. ಅವರು ಕತ್ತಿನ ಹಿಂದೆ ಸರಳು ಹೊತ್ತು ಕುಕ್ಕರಿಸಿ, ಏಳಲಾರದೆ ನಡುಗುತ್ತ, "ಇದು ಅಟ್ಟವೇ ತಲೆ ಮೇಲೆ ಬಿದ್ದದ್ದು," ಎಂದರು.

ನಮ್ಮ ಅಭ್ಯಾಸಕ್ಕೆ ಒಂದು ವಿಚಿತ್ರ ಪದ್ಧತಿ ಸೇರಿಕೊಂಡದ್ದು ಹಾರಿಸ್‌ನಿಂದಾಗಿ. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ನೀರು, ಕಸ, ಕೀಲಿ, ಜಗಳ ಎಲ್ಲದರ ಅಧಿಪತಿ. ನಮ್ಮ ಹಾರಿಸ್ ಅಬು ಕರೀಮ್ ಅವರ ಕೋಣೆ ಜಿಮ್ಮಿನ ಸರಿಯಾಗಿ ಕೆಳಗಿದೆ. ಅವರು ಮುಂಜಾವಿನ ನಮಾಜು ಮುಗಿಸಿ ಮತ್ತೆ ಮಲಗುವ ಹೊತ್ತಿಗೇ ನಮ್ಮ ಕಬ್ಬಿಣ ನೆಲಕ್ಕೆ ಬೀಳತೊಡಗಿತು. ಎರಡನೆಯ ದಿನವೇ ಅವರು ಬನಿಯನ್ನಿನಲ್ಲಿ ಮೇಲೆ ಬಂದು ಬಾಗಿಲು ತುಂಬಿ ನಿಂತರು.

"ಆವಾಜ್ ನಹೀ! ಆವಾಜ್ ಆಯಾ, ಜಿಮ್ ಖಲಾಸ್. ಚಾಬಿ ಮೇರಾ ಪಾಸ್."

ಸದ್ದಾದರೆ ಜಿಮ್ಮಿಗೆ ಬೀಗ, ಕೀಲಿ ಅವರ ಬಳಿಯೇ. ಕಾಲೇಜಿನ ಗ್ರಂಥಾಲಯದಲ್ಲಿ ಕುರ್ಚಿ ಸರಿಸಿದ್ದಕ್ಕೆ ಬೈಸಿಕೊಂಡ ದಿನದಿಂದಲೂ ಸದ್ದು ಮಾಡುವುದೆಂದರೆ ನನಗೆ ಅಪರಾಧ. ಒಂದು ಹಳೆಯ ಹಾಸಿಗೆಯನ್ನು ತಂದು ಹಾಸಿದೆವು. ಆದರೂ ಬಿಲ್ಲೆಗಳು ಗಲಗಲ ಎಂದವು. ಆಗ ವಿಠಲಣ್ಣ, "ಕೆಳಗೆ ಇಟ್ಟರೆ ಅಲ್ವಾ ಸದ್ದು? ಇಡುವುದೇ ಬೇಡ. ನನ್ನ ಕೈಗೆ ಕೊಡಿ," ಎಂದರು.

ಹಾಗೆ ಹುಟ್ಟಿತು ನಮ್ಮ ಕ್ರಮ. ಒಬ್ಬನ ಸುತ್ತು ಮುಗಿಯುತ್ತಲೇ ಮತ್ತೊಬ್ಬ ಎದುರು ಬಂದು ಸರಳನ್ನು ಹಿಡಿಯಬೇಕು. "ಹಿಡಿದೆ" ಎಂದ ಮೇಲೆ ಮಾತ್ರ ಮೊದಲಿನವನು ಬಿಡಬೇಕು. ಅವನ ಸುತ್ತು ಮುಗಿಯುವವರೆಗೆ ಇವನ ವಿಶ್ರಾಂತಿ. ಕಬ್ಬಿಣಕ್ಕೆ ಮಾತ್ರ ವಿಶ್ರಾಂತಿಯಿಲ್ಲ. ಜಗತ್ತಿನ ಯಾವ ಜಿಮ್ಮಿನಲ್ಲಿಯೂ ಹೀಗೆ ಮಾಡುವುದನ್ನು ನಾನು ನೋಡಿಲ್ಲ. ಇದರಲ್ಲಿ ಒಂದು ಗುಣವೂ ಒಂದು ಕ್ರೌರ್ಯವೂ ಇದ್ದವು. ಎದುರಿನವರು ಏದುಸಿರು ಬಿಡುತ್ತ ಕಣ್ಣಲ್ಲಿಯೇ ಬೇಡುವಾಗ ನನಗೆ ಇನ್ನೂ ಉಸಿರು ಬಂದಿಲ್ಲವೆಂದು ಹೇಳಲು ಸಾಧ್ಯವಿರಲಿಲ್ಲ. ಒಮ್ಮೊಮ್ಮೆ ವಿಠಲಣ್ಣ ಆರನೆಯದರ ಮಧ್ಯದಲ್ಲಿಯೇ, "ಮಾಸ್ಟ್ರೆ, ಬನ್ನಿ ಮಾರಾಯ್ರೆ, ಅಟ್ಟ ಬಿತ್ತು!" ಎಂದು ಕೂಗುತ್ತಿದ್ದರು. ನಾನು ಓಡಿಹೋಗಿ ಹಿಡಿಯುತ್ತಿದ್ದೆ. ಕೂಗಿದ್ದು ಅಬು ಕರೀಮ್ ಅವರಿಗೆ ಕೇಳಿಸಿತೇ ಎಂದು ಇಬ್ಬರೂ ಕಿವಿಗೊಟ್ಟು ನಿಲ್ಲುತ್ತಿದ್ದೆವು.

ಬೆವರಿನಲ್ಲಿ ಮಿಂದು, ಸ್ನಾನ ಮಾಡಿ, ಕಂಪನಿಯ ವ್ಯಾನು ಹಿಡಿದು ಶರ್ಕ್‌ಗೆ ಹೋಗುವಷ್ಟರಲ್ಲಿ ನನ್ನ ದಿನ ಮುಗಿದಿರುತ್ತಿತ್ತು. ಗಡಿಯಾರಕ್ಕೆ ಮಾತ್ರ ಅದು ಆಗತಾನೇ ಶುರುವಾಗಿರುತ್ತಿತ್ತು. ಗಾಜಿನ ಗೋಡೆಯ ಕಚೇರಿಯಲ್ಲಿ ಕುಳಿತು ಸುರಕ್ಷತೆಯ ವರದಿಗಳನ್ನು ತಿದ್ದುತ್ತ ತೂಕಡಿಸುತ್ತಿದ್ದೆ. ಸುರಕ್ಷತಾ ಅಧಿಕಾರಿಯ ತಲೆ ಕೀಲಿಮಣೆಯ ಮೇಲೆ ಬೀಳುವುದು ಒಳ್ಳೆಯ ಶಕುನವಲ್ಲ. ಸಂಜೆ ರೊಟ್ಟಿ ಮುರಿಯಲು ಕೈ ಎತ್ತಿದರೆ ಅಂಗೈಯಿಂದ ಕಬ್ಬಿಣದ ವಾಸನೆ. ಎಷ್ಟು ತೊಳೆದರೂ ಹೋಗದು. ರೊಟ್ಟಿ ಬಡಿಸುತ್ತ ಹೆಂಡತಿ ಸುಮಂಗಲಾ ನನ್ನನ್ನೇ ನೋಡುತ್ತಿದ್ದಳು. ಅವಳು ಗದಗಿನವಳು. ಹೆಚ್ಚು ಮಾತಿಲ್ಲ, ಆದರೆ ಆ ತಿಂಗಳುಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು.

"ರೀ, ಆ ಪರೀಕ್ಷಾ ಆಗ್ಲಿಲ್ಲಂದ್ರ ಏನಾಕ್ಕೈತಿ?"

"ಆಗದಿರುವ ಪ್ರಶ್ನೆಯೇ ಇಲ್ಲ. ನಾನು ಸಂಪೂರ್ಣ ಪ್ರಯತ್ನ ಮಾಡುತ್ತಿದ್ದೇನೆ."

"ಅಲ್ರೀ, ಆಗ್ಲಿಲ್ಲ ಅಂತ ತಿಳಕೊಳ್ರಿ. ಎಷ್ಟ್ ದಿನದಾಗ ಹೋಗಬೇಕಾಕ್ಕೈತಿ?"

ನಾನು ರೊಟ್ಟಿಯನ್ನು ಕೆಳಗಿಟ್ಟು, ಧೈರ್ಯ ತುಂಬುವ ನಾಲ್ಕು ಸುಸಂಬದ್ಧ ವಾಕ್ಯಗಳನ್ನು ಹೇಳುತ್ತಿದ್ದೆ. ಚಿಂತಿಸಬಾರದೆಂದು, ಸಿಂಚನಾಳ ಶಾಲೆ ಮಧ್ಯದಲ್ಲಿ ನಿಲ್ಲುವುದಿಲ್ಲವೆಂದು, ನಾವು ಇಲ್ಲಿಯೇ ಇರುತ್ತೇವೆಂದು. ಅವಳು ಪೂರ್ತಿ ಕೇಳಿಸಿಕೊಂಡು, "ಪಲ್ಯಾ ಹಾಕಲ್ಯಾ?" ಎನ್ನುತ್ತಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡು ನಾನು ಮರುದಿನ ಒಂದು ಸುತ್ತು ಹೆಚ್ಚಿಗೆ ಮಾಡುತ್ತಿದ್ದೆ.

ಈ ಹೆಚ್ಚಿಗೆ ಮಾಡುವ ಚಾಳಿಯೇ ನನ್ನನ್ನು ಕೊನೆಯ ವಾರದಲ್ಲಿ ಕೆಡಿಸಿತು. ನಮ್ಮಂಥವರಿಗೆ ಪರೀಕ್ಷೆಯೆಂದರೆ ಒಂದೇ ಅರ್ಥ. ಹಿಂದಿನ ವಾರ ನಿದ್ದೆಗೆಟ್ಟು ಓದುವುದು. ಮನೆಯಲ್ಲಿ ಹೇಳಿಕೊಡುವವರಿಲ್ಲದ, ಅರ್ಥವಾಗದ್ದನ್ನು ಎದ್ದು ನಿಂತು ಕೇಳುವ ಧೈರ್ಯವಿಲ್ಲದ ಹುಡುಗನಿಗೆ ಗೊತ್ತಿದ್ದ ದಾರಿ ಅದೊಂದೇ. ಅರ್ಥವಾಗದಿದ್ದರೆ ಮತ್ತೊಮ್ಮೆ ಓದು; ಆಗಲೂ ಆಗದಿದ್ದರೆ ಬಾಯಿಪಾಠ ಮಾಡು. ಹತ್ತನೆಯ ತರಗತಿಯಿಂದ ಪದವಿಯವರೆಗೆ ನಾನು ಹಾಗೆಯೇ ದಾಟಿ ಬಂದೆ. ಎದೆಬಡಿತದ ಪರೀಕ್ಷೆಗೂ ಅದೇ ಸಿದ್ಧತೆ ನಡೆಸಿದೆ. ಬೆಳಿಗ್ಗೆ ವಿಠಲಣ್ಣನೊಂದಿಗೆ ಒಂದು ಸಲ, ಸಂಜೆ ಕಚೇರಿಯಿಂದ ಬಂದು ಜಿಮ್ಮಿನ ಆ ಹಳೆಯ ಹಾಸಿಗೆಯ ಮೇಲೆ ಸರಳನ್ನು ಮೆಲ್ಲನೆ ಇಟ್ಟುಕೊಳ್ಳುತ್ತ ಒಬ್ಬನೇ ಇನ್ನೊಂದು ಸಲ. ದಿನದಿಂದ ದಿನಕ್ಕೆ ಉಸಿರು ಹಗುರಾಗುವ ಬದಲು ಭಾರವಾಯಿತು. ಅದಕ್ಕೆ ನಾನು ಇನ್ನೊಂದು ಸುತ್ತು ಸೇರಿಸಿದೆ. ಮೆಟ್ಟಿಲಿನ ಮಧ್ಯದಲ್ಲಿ ನಿಂತು, ಯಾರಾದರೂ ಎದುರಾದರೆ ಫೋನ್ ನೋಡುತ್ತಿರುವವನಂತೆ ನಟಿಸುವ ಸ್ಥಿತಿಗೆ ಬಂದೆ. ಮುಖದ ಬಣ್ಣ ಹೋಯಿತು. ಸಿಂಚನಾ ಒಂದು ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಪ್ಪಾ, ಯು ಲುಕ್ ಲೈಕ್ ಎ ಬಿಫೋರ್ ಫೋಟೋ," ಎಂದಳು.

ಪರೀಕ್ಷೆಗೆ ಎರಡು ದಿನವಿರುವಾಗ, ಸರಳನ್ನು ನನ್ನಿಂದ ತೆಗೆದುಕೊಳ್ಳಲು ಬಂದ ವಿಠಲಣ್ಣ ಅದನ್ನು ಹಿಡಿದುಕೊಂಡು ಹಾಗೆಯೇ ನಿಂತರು.

"ಮಾಸ್ಟ್ರೆ, ನಿಮ್ಮ ಕೈ ನಡುಗ್ತಾ ಉಂಟು."

"ಅದು ಸಹಜ. ಸ್ನಾಯುಗಳು ಬಳಲಿದಾಗ..."

"ಸಾಯಲಿ ನಿಮ್ಮ ಸ್ನಾಯು. ಸಂಜೆ ಸಹ ಬರ್ತೀರಂತೆ ಅಲ್ವಾ? ಹಾರಿಸ್ ಹೇಳಿದ. ಆ ಹಿಂದಿ, ಅಂದ್ರೆ ಇಂಡಿಯಾದವ, ಬೆಳಿಗ್ಗೆಯೂ ಇಲ್ಲಿ, ಸಂಜೆಯೂ ಇಲ್ಲಿ, ಅವನಿಗೆ ಮನೆ ಇಲ್ವಾ ಅಂತ ಕೇಳಿದ."

"ಇನ್ನೆರಡೇ ದಿನ ಉಳಿದಿವೆ. ಈಗ ಬಿಟ್ಟರೆ ಮಾಡಿದ್ದೆಲ್ಲ ಮರೆತುಹೋಗುತ್ತದೆ."

ಅವರು ಹಣೆ ಚಚ್ಚಿಕೊಳ್ಳಬೇಕೆಂದುಕೊಂಡರೋ ಏನೋ, ಕೈಯಲ್ಲಿ ಕಬ್ಬಿಣವಿತ್ತು. "ಮರೀಲಿಕ್ಕೆ ಅದೆಂತ ಮಗ್ಗಿಯಾ? ಹಾರ್ಟಿಗೆ ಬಾಯಿಪಾಠ ಬರ್ತದಾ ಮಾರಾಯ್ರೆ? ನಾಡಿದ್ದಿನವರೆಗೆ ನೀವು ಈ ಬಾಗಿಲಿಗೆ ಬಂದದ್ದು ನೋಡಿದ್ರೆ ನಾನೇ ಕೆಳಗೆ ಹಾಕಿ ಶಬ್ದ ಮಾಡ್ತೇನೆ. ಅಬು ಕರೀಮ್ ಬಂದು ನಿಮ್ಮ ಕಿವಿ ಹಿಡೀಲಿ."

ನಾನು ಮಾತು ಕೊಟ್ಟೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಆರು ವ್ಯಾಯಾಮಗಳನ್ನು ಮನಸ್ಸಿನಲ್ಲಿ ಪುನರಾವರ್ತಿಸುತ್ತಿದ್ದೆ.

ವೈದ್ಯಕೀಯ ಕೇಂದ್ರದಲ್ಲಿ ಮಲಯಾಳಿ ಸಿಸ್ಟರ್ ಒಬ್ಬರು ಬೆರಳಿಗೆ ಕ್ಲಿಪ್ಪು ಹಾಕಿದರು. ಪೆಟ್ಟಿಗೆಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ. ಅಂಕಿಯನ್ನು ನೋಡಿ ಅವರು ಹುಬ್ಬೇರಿಸಿದರು. "ಓಡಿ ಬಂದಿರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ, ವ್ಯಾನಿನಲ್ಲಿ ಬಂದೆ."

"ಹೀಗಿದ್ದರೆ ಪರೀಕ್ಷೆ ಶುರು ಮಾಡುವಂತಿಲ್ಲ. ಹೊರಗೆ ಕುಳಿತುಕೊಳ್ಳಿ. ನಿಮ್ಮ ನಂತರದವರನ್ನು ಮುಗಿಸಿ ಕರೆಯುತ್ತೇನೆ. ಆಗಲೂ ಇಳಿಯದಿದ್ದರೆ ಡಾಕ್ಟರಿಗೆ ಹಾಗೆಯೇ ಬರೆದುಕೊಡಬೇಕಾಗುತ್ತದೆ."

ಹೊರಗೆ ಗೋಡೆಗೆ ಸೇರಿಸಿ ಬೆಸೆದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ತಲೆಯ ಮೇಲೆ ಏಸಿಯ ತಣ್ಣನೆ ಗಾಳಿ. ಕುಳಿತೆ. ಎಲ್ಲವೂ ಮುಗಿಯಿತೆಂದು ಅನ್ನಿಸಿತು. ವಿಚಿತ್ರವೆಂದರೆ, ಹಾಗೆ ಅನ್ನಿಸಿದ ಕೂಡಲೇ ಭುಜಗಳು ಇಳಿದವು. ಇನ್ನು ಮಾಡಬೇಕಾದದ್ದು ಏನೂ ಇರಲಿಲ್ಲ. ಓದುವುದಕ್ಕೆ ಪುಸ್ತಕವಿಲ್ಲ, ಎತ್ತುವುದಕ್ಕೆ ಸರಳಿಲ್ಲ. ಪಕ್ಕದಲ್ಲಿ ಯಾರೋ ಬಂಗಾಲಿಯಲ್ಲಿ ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಅರ್ಥವಾಗದ ಆ ಮಾತು ಜೋಗುಳದ ಹಾಗೆ ಕೇಳಿಸಿತು. ಗೋಡೆಗೆ ತಲೆಯಾನಿಸಿದೆ.

ಎಚ್ಚರವಾದದ್ದು ಸಿಸ್ಟರ್ ಭುಜ ತಟ್ಟಿದಾಗ. ಬಾಯಿ ತೆರೆದಿತ್ತು. ಎದುರಿನ ಸಾಲಿನಲ್ಲಿದ್ದ ಇಬ್ಬರು ನಗು ತಡೆದುಕೊಂಡಿದ್ದರು, ಗೊರಕೆ ಹೊಡೆದಿರಬೇಕು. ನನ್ನ ನಂತರದವರು ಮಾತ್ರವಲ್ಲ, ಅವರ ನಂತರದವರೂ ಮುಗಿಸಿ ಹೋಗಿದ್ದರಂತೆ. "ಎಬ್ಬಿಸಲು ಮನಸ್ಸಾಗಲಿಲ್ಲ," ಎಂದರು ಸಿಸ್ಟರ್. ಮತ್ತೆ ಕ್ಲಿಪ್ಪು ಹಾಕಿದರು. ಅಂಕಿಯನ್ನು ನೋಡಿ ಏನೂ ಹೇಳದೆ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

ಟಕ್ ಟಕ್ ಶುರುವಾಯಿತು. ಹತ್ತಿದೆ, ಇಳಿದೆ. ಮೊದಲ ಸಲ ಪೆಟ್ಟಿಗೆ ಗೋಡೆಯಷ್ಟು ಎತ್ತರವಿತ್ತು. ಈಗ ಅದು ಬರೀ ಪೆಟ್ಟಿಗೆಯಾಗಿತ್ತು. ಕಿವಿಯೊಳಗೆ ಗಿರಣಿ ಶುರುವಾಗಲೆಂದು ಕಾಯುತ್ತ ಹತ್ತಿದೆ. ಅದು ಶುರುವಾಗುವ ಮೊದಲೇ ಅವರು ಸಾಕೆಂದರು. ಕುಳಿತೆ. ಈ ಬಾರಿ ಎದೆಬಡಿತವೂ ನನ್ನ ಜೊತೆಗೆ, ದಣಿದ ಎತ್ತಿನ ಹಾಗೆ, ಮಂಡಿಯೂರಿ ಕುಳಿತುಕೊಂಡಿತು. ಅದೇ ಈಜಿಪ್ಟಿನ ವೈದ್ಯರು ಕಾಗದ ನೋಡಿ, ಈ ಸಲ ಹೊಟ್ಟೆಯನ್ನು ನೋಡದೆ, "ಮಬ್ರೂಕ್. ಒಂದು ವರ್ಷ," ಎಂದು ಅಭಿನಂದಿಸಿ ಮುದ್ರೆ ಒತ್ತಿದರು.

ಹೊರಗೆ ಬಂದು ಮೊದಲು ವಿಠಲಣ್ಣನಿಗೆ ಫೋನು ಮಾಡಿ ತಿಳಿಸಿದೆ. ಅವರ ಹಿಂದೆ ಅಕ್ಕಿ ಚೀಲ ಇಳಿಸುವ ಗದ್ದಲ. "ಗೊರಕೆ ಹೊಡೆದು ಪಾಸಾದ್ರಾ? ಮೊದಲೇ ಹೇಳಿದ್ರೆ ಮೂರು ತಿಂಗಳು ಇಬ್ಬರೂ ಮಲಗಬಹುದಿತ್ತಲ್ಲ ಮಾರಾಯ್ರೆ!" ಎಂದು ನಕ್ಕರು. ಆಮೇಲೆ ಸುಮಂಗಲಾಗೆ ಕರೆ ಮಾಡಿದೆ. ಈ ಕರೆಗೆಂದೇ ನಾನು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಅದರಲ್ಲಿ ಅವಳ ತಾಳ್ಮೆಯ ಉಲ್ಲೇಖವಿತ್ತು, ರೊಟ್ಟಿಯ ಉಲ್ಲೇಖವೂ ಇತ್ತು.

"ಪಾಸಾತೇನ್ರೀ?" ಅವಳೇ ಕೇಳಿದಳು.

"ಆಯಿತು. ಒಂದು ವರ್ಷಕ್ಕೆ ಕೊಟ್ಟಿದ್ದಾರೆ."

ಫೋನು ಕಡಿದುಹೋಯಿತೇನೋ ಎಂದುಕೊಂಡೆ. ಕಿವಿಯಿಂದ ತೆಗೆದು ನೋಡಿದೆ, ಕಡಿದಿರಲಿಲ್ಲ.

"ಛಲೋ ಆತು ಬಿಡ್ರಿ," ಎಂದಳು. "ನಮ್ಮವ್ವಗ ಒಂದ್ ಫೋನ್ ಮಾಡಬೇಕು ಹಂಗಾರ."

"ಅವರಿಗೆ ಪರೀಕ್ಷೆಯ ವಿಷಯವೇ ಗೊತ್ತಿರಲಿಲ್ಲವಲ್ಲ?"

"ಗೊತ್ತಿಲ್ರೀ. ಈ ದಸರಾಕ್ಕ ನಾವು ಊರಾಗ ಇರ್ತೀವಿ ಅಂತ ಹೇಳಿಬಿಟ್ಟಿದ್ದೆ."

ವೈದ್ಯಕೀಯ ಕೇಂದ್ರದ ಮೆಟ್ಟಿಲ ಮೇಲೆ ಬಿಸಿಲು ಸುರಿಯುತ್ತಿತ್ತು. ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದ ಮೇಲೆ,

"ನಾನು ಸೋಲುತ್ತೇನೆಂದು ಹೇಳಿದ್ದೆಯಾ?" ಎಂದು ಕೇಳಿದೆ.

"ಸೋಲ್ತೀರಿ ಅಂತ ಅಲ್ರೀ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಬರ್ತೀವಿ ಅಂತ."

ಸಿದ್ಧಪಡಿಸಿಕೊಂಡಿದ್ದ ವಾಕ್ಯ ಎಲ್ಲಿಯೂ ಹೊಂದಿಕೊಳ್ಳಲಿಲ್ಲ. ಹದಿನೈದು ವರ್ಷಗಳಲ್ಲಿ ಇವಳನ್ನು ನಾನು ಇರಬೇಕೋ ಹೋಗಬೇಕೋ ಎಂದು ಕೇಳಿದ ನೆನಪಾಗಲಿಲ್ಲ. ಧೈರ್ಯ ತುಂಬಿದ ನೆನಪುಗಳು ಮಾತ್ರ ಬೇಕಾದಷ್ಟಿದ್ದವು.

"ಸುಮಂಗಲಾ," ಎಂದೆ.

"ಹೇಳ್ರಿ."

ಎಷ್ಟೋ ವರ್ಷಗಳ ಮೇಲೆ ಬಾಯಿಗೆ ಊರಿನ ಮಾತು ಬಂತು. "ಭಾಳ ದಣದೀನಿ," ಎಂದೆ.

"ನಾನೂ," ಎಂದಳು.

ಕಂಪನಿಯ ವ್ಯಾನು ಬಂದು ನಿಂತಿತು. ಚಾಲಕ ಪೆಶಾವರದ ಕಡೆಯ ಹಿರಿಯ; ನನ್ನ ಕೈಯಲ್ಲಿದ್ದ ಮುದ್ರೆಯ ಕಾಗದವನ್ನು ಗಾಜಿನಿಂದಲೇ ನೋಡಿ ಹಲ್ಲು ಬಿಟ್ಟ. ಅದನ್ನು ಇಂದೇ ಸ್ಥಾವರದಲ್ಲಿ ಒಪ್ಪಿಸಿದರೆ ಇಂದಿನಿಂದಲೇ ನನ್ನ ಹಳೆಯ ಕೆಲಸ. "ಚಲೋ ಭಾಯಿ, ಸೈಟ್?" ಎಂದು ಕೇಳಿದ. ಫೋನಿನ ಆ ತುದಿಯಲ್ಲಿ ಸುಮಂಗಲಾ ಇನ್ನೂ ಇದ್ದಳು, ಉಸಿರು ಕೇಳಿಸುತ್ತಿತ್ತು.

"ಸೈಟ್ ನಾಳೆ," ಎಂದೆ, ಅವನಿಗೆ ಹಿಂದಿಯಲ್ಲಿ, ಅವಳಿಗೂ ಕೇಳಿಸುವ ಹಾಗೆ. "ಇವತ್ತು ಮನೆಗೆ."